ಕೋವಿಯ ಸಂತೆ, ಕೊಳ್ಳುವವನ ಊರು



ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರು ಹೆಸರು ಕೇಳುವ ಮೊದಲೇ ‘ಯಾವೂರಾಯ್ತು?’ ಅನ್ನುತ್ತಾರೆ. ಅಮೆರಿಕದ ಬಂದೂಕು ಕಾನೂನನ್ನು ಓದಲು ಕೂತಾಗ ನನಗೆ ಮತ್ತೆ ಮತ್ತೆ ಎದುರಾದದ್ದು ಇದೇ ಪ್ರಶ್ನೆ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇದೆ.

ಓಕ್ಲಹೋಮ ರಾಜ್ಯದ ಟಲ್ಸಾ ನಗರದಲ್ಲಿ ವರ್ಷಕ್ಕೆರಡು ಬಾರಿ ದೊಡ್ಡ ಗನ್ ಶೋ ಸೇರುತ್ತದೆ. ಒಂದೇ ಸೂರಿನಡಿ ನಾಲ್ಕು ಸಾವಿರಕ್ಕೂ ಹೆಚ್ಚು ಮೇಜುಗಳು. ಮಗಳ ಮನೆಗೆ ಹೋದಾಗ ಅಳಿಯಂದಿರು ಕರೆದುಕೊಂಡು ಹೋಗಿ ತೋರಿಸಿದರು. ನಮ್ಮ ದನದ ಜಾತ್ರೆಯ ಹಾಗೆಯೇ ಜನ, ಚೌಕಾಸಿ, ಹಳೆಯ ಪರಿಚಯದವರ ನಗು. ಒಂದು ಮೇಜಿನ ಹಿಂದೆ ವಯಸ್ಸಾದವರೊಬ್ಬರು ತಮ್ಮ ತಂದೆಯ ಜೋಡುನಳಿಗೆ ಕೋವಿಯೊಂದನ್ನೇ ಬಟ್ಟೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಯುವಕನೊಬ್ಬ ಬೆಲೆ ಒಪ್ಪಿ ಹಣ ಎಣಿಸತೊಡಗಿದ. ಹಿರಿಯರು ‘ಯಾವ ರಾಜ್ಯ?’ ಎಂದರು. ಅವನು ‘ಅರ್ಕನ್ಸಾ’ ಎಂದ. ಅವರು ಹಣ ಮುಟ್ಟಲಿಲ್ಲ. ಕೋವಿಯನ್ನು ಎತ್ತಿಕೊಂಡು, ಮೂರು ಸಾಲು ಆಚೆ ಇದ್ದ ಲೈಸೆನ್ಸ್ ಪಡೆದ ಡೀಲರ್‌ನ ಮೇಜಿಗೆ ಅವನನ್ನು ಕರೆದೊಯ್ದರು. ಅವರು ಮಾಡಿದ್ದು ಅಕ್ಷರಶಃ ಕಾನೂನಿನಂತೆ. ಆ ಕಾನೂನು ಹೇಗೆ ಬಂತೆಂದು ಹೇಳುತ್ತೇನೆ.

1963ರ ಮಾರ್ಚ್‌ನಲ್ಲಿ ಡಲ್ಲಾಸ್‌ನ ಒಂದು ಅಂಚೆಪೆಟ್ಟಿಗೆಯ ವಿಳಾಸಕ್ಕೆ ಶಿಕಾಗೋದ ಅಂಗಡಿಯಿಂದ ರೈಫಲ್ ಒಂದು ಪಾರ್ಸೆಲ್ ಬಂತು. ಪತ್ರಿಕೆಯ ಜಾಹೀರಾತು ನೋಡಿ, ಸುಳ್ಳು ಹೆಸರಿನಲ್ಲಿ, ಅಂಚೆ ಖರ್ಚೂ ಸೇರಿ 21.45 ಡಾಲರ್ ಕಳಿಸಿ ತರಿಸಿಕೊಂಡದ್ದು. ನವೆಂಬರ್ 22ರಂದು ಅಧ್ಯಕ್ಷ ಕೆನಡಿಯವರನ್ನು ಕೊಂದದ್ದು ಆ ರೈಫಲ್. ಆದರೂ ಸಂಸತ್ತು ಐದು ವರ್ಷ ಎಳೆದಾಡಿತು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾದರು. ಅಕ್ಟೋಬರ್ 22ರಂದು ಅಧ್ಯಕ್ಷ ಜಾನ್ಸನ್ ಬಂದೂಕು ನಿಯಂತ್ರಣ ಕಾಯ್ದೆಗೆ ಸಹಿ ಹಾಕಿದರು. ಅದರ ತಿರುಳು ಸರಳ: ಒಂದು ರಾಜ್ಯದ ಜನ ತಮಗಾಗಿ ಮಾಡಿಕೊಂಡ ಕಟ್ಟುಪಾಡನ್ನು ಪಕ್ಕದ ರಾಜ್ಯದ ಸಂತೆ ಕೆಡಿಸಬಾರದು. ಈ ತತ್ವ ಸರಿಯೆಂದೇ ನನ್ನ ನಂಬಿಕೆ.

1986ರಲ್ಲಿ ಬಂದೂಕು ಮಾಲೀಕರ ರಕ್ಷಣಾ ಕಾಯ್ದೆ ಕಟ್ಟು ಸ್ವಲ್ಪ ಸಡಿಲಿಸಿತು. ಡೀಲರ್ ತನ್ನ ರಾಜ್ಯದೊಳಗಿನ ಗನ್ ಶೋದಲ್ಲಿ ಅಂಗಡಿ ಹಾಕಬಹುದು ಎಂದಿತು. ರೈಫಲ್ ಮತ್ತು ಶಾಟ್‌ಗನ್‌ಗಳನ್ನು ಆತ ಯಾವ ರಾಜ್ಯದವರಿಗಾದರೂ ಮುಖಾಮುಖಿ ಮಾರಬಹುದು. ಆದರೆ ಮಾರುವ ರಾಜ್ಯದ ಕಾನೂನಿಗೂ ಕೊಳ್ಳುವವನ ರಾಜ್ಯದ ಕಾನೂನಿಗೂ ಆ ಮಾರಾಟ ಒಪ್ಪಿಗೆಯಾಗಬೇಕು. ಪಿಸ್ತೂಲು, ರಿವಾಲ್ವರ್‌ಗಳ ದಾರಿ ಬೇರೆ. ಹೊರರಾಜ್ಯದ ಸಂತೆಯಲ್ಲಿ ಆರಿಸಬಹುದು, ಹಣವನ್ನೂ ಕೊಡಬಹುದು, ಕೈಗೆ ಮಾತ್ರ ಸಿಗದು. ಅದು ಕೊಳ್ಳುವವನ ಸ್ವಂತ ರಾಜ್ಯದ ಡೀಲರ್‌ಗೆ ಹೋಗಿ, ಅಲ್ಲಿ ಫಾರ್ಮ್ 4473 ತುಂಬಿ, ಹಿನ್ನೆಲೆ ತಪಾಸಣೆ ಮುಗಿದ ಮೇಲೆಯೇ ಕೈ ಸೇರುವುದು. ಲೈಸೆನ್ಸ್ ಇಲ್ಲದ ಖಾಸಗಿ ವ್ಯಕ್ತಿಯಂತೂ ಹೊರರಾಜ್ಯದವರಿಗೆ ಯಾವ ಬಂದೂಕನ್ನೂ ನೇರವಾಗಿ ಮಾರುವಂತಿಲ್ಲ. ಟಲ್ಸಾದ ಹಿರಿಯರು ಎದ್ದು ಹೋದದ್ದು ಅದಕ್ಕೇ.

ಪಿಸ್ತೂಲಿನ ಈ ನಿಯಮವನ್ನು ಕೋರ್ಟಿನಲ್ಲಿ ಪ್ರಶ್ನಿಸಿದವರೂ ಇದ್ದಾರೆ. ರಾಜಧಾನಿ ವಾಷಿಂಗ್ಟನ್‌ನ ದಂಪತಿ ಟೆಕ್ಸಸ್‌ನಲ್ಲಿ ಪಿಸ್ತೂಲು ಮೆಚ್ಚಿದರು. ಅದನ್ನು ಊರಿಗೆ ಕಳಿಸುವ ಖರ್ಚಿನ ಜೊತೆಗೆ ಅಲ್ಲಿನ ಡೀಲರ್‌ಗೆ ಇನ್ನಷ್ಟು ಶುಲ್ಕ ಏಕೆ ಕೊಡಬೇಕೆಂದು ದಾವೆ ಹೂಡಿದರು. 2015ರಲ್ಲಿ ಕೆಳಗಿನ ನ್ಯಾಯಾಲಯ ಅವರ ಪರ ನಿಂತಿತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. 2020ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. ಐವತ್ತು ರಾಜ್ಯಗಳ ಪಿಸ್ತೂಲು ಕಾನೂನುಗಳನ್ನು ಒಬ್ಬ ಅಂಗಡಿಯವನು ಬಾಯಿಪಾಠ ಮಾಡಿರಬೇಕೆಂದು ನಿರೀಕ್ಷಿಸಲಾಗದು ಎಂಬ ವಾದ ನನಗೂ ಒಪ್ಪಿಗೆಯಾಗುತ್ತದೆ.

ಮನಸ್ಸಿನಲ್ಲಿ ಉಳಿದ ಇನ್ನೊಂದು ಪ್ರಕರಣ ಅಬ್ರಾಮ್‌ಸ್ಕಿಯದು. ವರ್ಜೀನಿಯಾದ ಮಾಜಿ ಪೊಲೀಸ್ ಇವರು. ಪೊಲೀಸರಿಗೆ ರಿಯಾಯಿತಿ ಸಿಗುತ್ತದೆಂದು ಪೆನ್ಸಿಲ್ವೇನಿಯಾದ ತಮ್ಮ ಹಿರಿಯ ಬಂಧುವಿಗಾಗಿ ಗ್ಲಾಕ್ ಪಿಸ್ತೂಲು ಕೊಂಡರು. ಬಂಧು 400 ಡಾಲರಿನ ಚೆಕ್ಕನ್ನು ಮೊದಲೇ ಕಳಿಸಿದ್ದರು. ಇಬ್ಬರೂ ಬಂದೂಕು ಹೊಂದಲು ಅರ್ಹರು. ಪೆನ್ಸಿಲ್ವೇನಿಯಾದ ಡೀಲರ್ ಮೂಲಕವೇ ಶಿಸ್ತಾಗಿ ವರ್ಗಾವಣೆಯೂ ಆಯಿತು. ಆದರೆ ಫಾರಂನಲ್ಲಿ ‘ನಿಜವಾದ ಖರೀದಿದಾರ ನೀವೇನಾ?’ ಎಂಬುದಕ್ಕೆ ಅವರು ‘ಹೌದು’ ಎಂದು ಬರೆದಿದ್ದರು. ಆ ಒಂದು ಉತ್ತರಕ್ಕೆ ಶಿಕ್ಷೆಯಾಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಮೊದಲ ಓದಿಗೆ ನನಗೂ ಇದು ಕಠಿಣ ಅನಿಸಿತ್ತು. ಯೋಚಿಸಿದಷ್ಟೂ ತೀರ್ಪು ಸರಿಯೆನಿಸಿದೆ: ಕೌಂಟರಿನ ಮುಂದೆ ನಿಂತವನನ್ನು ನಂಬಲಾಗದಿದ್ದರೆ ತಪಾಸಣೆಗೆ ಬೆಲೆಯೇ ಇಲ್ಲ.

ಕಾನೂನಿನ ದುರ್ಬಲ ಜಾಗ ಪಕ್ಕದ ಮೇಜಿನಲ್ಲಿದೆ. ಒಂದೇ ರಾಜ್ಯದ ಇಬ್ಬರು ಖಾಸಗಿಯಾಗಿ ಕೊಟ್ಟು ತೆಗೆದುಕೊಂಡರೆ ಕೇಂದ್ರದ ಕಾನೂನು ತಪಾಸಣೆ ಬೇಡುವುದಿಲ್ಲ. 1999ರ ಏಪ್ರಿಲ್ 20ರಂದು ಕೊಲರಾಡೋದ ಕೊಲಂಬೈನ್ ಶಾಲೆಯಲ್ಲಿ ಹದಿಮೂರು ಜನರನ್ನು ಕೊಂದ ಇಬ್ಬರು ಹುಡುಗರ ಬಳಿ ನಾಲ್ಕು ಬಂದೂಕುಗಳಿದ್ದವು. ಅವುಗಳಲ್ಲಿ ಮೂರನ್ನು ಹದಿನೆಂಟು ತುಂಬಿದ ಗೆಳತಿಯೊಬ್ಬಳು ಗನ್ ಶೋದ ಖಾಸಗಿ ಮಾರಾಟಗಾರರಿಂದ ಕೊಂಡುಕೊಟ್ಟಿದ್ದಳು. ತಪಾಸಣೆ ಇದ್ದಿದ್ದರೆ ಕೊಳ್ಳುತ್ತಿರಲಿಲ್ಲ ಎಂದು ಅವಳೇ ಆಮೇಲೆ ಹೇಳಿದಳು. ಮರುವರ್ಷ ಕೊಲರಾಡೋದ ಮತದಾರರು ಗನ್ ಶೋಗಳ ಎಲ್ಲ ಮಾರಾಟಕ್ಕೂ ತಪಾಸಣೆ ಕಡ್ಡಾಯ ಮಾಡಿದರು. ಹಾಗೆ ಮಾಡದ ರಾಜ್ಯಗಳು ಇನ್ನೂ ಎಷ್ಟೋ ಇವೆ. ಅಲ್ಲಿ ಎಲ್ಲವೂ ಮಾರುವವರ ಆತ್ಮಸಾಕ್ಷಿಯ ಮೇಲೆ ನಿಂತಿದೆ. ಈ ಭಾರವನ್ನು ಸಂತೆಗೆ ಬಂದ ಒಬ್ಬ ವೃದ್ಧರ ಹೆಗಲಿಗೆ ಹೊರಿಸಿ ರಾಜ್ಯ ಸುಮ್ಮನಿರುವುದು ತಪ್ಪು.

ಈ ಸಭೆಯಲ್ಲಿ ಮಕ್ಕಳನ್ನು ಅಮೆರಿಕಕ್ಕೆ ಕಳಿಸಿದವರು ಬಹಳ ಮಂದಿ ಇದ್ದೀರಿ. ದಯವಿಟ್ಟು ಇದನ್ನು ಫೋನ್ ಮಾಡಿ ತಿಳಿಸಿ. ಓದಲು ಎಫ್-1, ಕೆಲಸಕ್ಕೆ ಎಚ್-1ಬಿ ವೀಸಾದ ಮೇಲೆ ಹೋದವರು ಬಂದೂಕಾಗಲಿ ತೋಟಾ ಆಗಲಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿಯುಂಟು. ಗ್ರೀನ್ ಕಾರ್ಡ್ ಬಂದರೆ ವೀಸಾದ ಈ ನಿರ್ಬಂಧ ಹೋಗುತ್ತದೆ. ನಿರ್ಬಂಧ ಮೀರಿದರೆ 2022ರ ತಿದ್ದುಪಡಿಯಿಂದ ಹದಿನೈದು ವರ್ಷದವರೆಗೆ ಜೈಲು. ಗೆಳೆಯರ ಜೊತೆ ವಾರಾಂತ್ಯಕ್ಕೆ ಪಕ್ಕದ ರಾಜ್ಯದ ಗನ್ ಶೋಗೆ ಹೋಗಿ, ಹುರುಪಿನಲ್ಲಿ ಒಂದು ಸಹಿ ಹಾಕಿದರೂ ಸಾಕು, ಕಟ್ಟಿಕೊಂಡ ಬದುಕೆಲ್ಲ ಕುಸಿದೀತು.

ಟಲ್ಸಾದಲ್ಲಿ ಆ ಯುವಕನ ಫಾರಂ, ಫೋನ್ ತಪಾಸಣೆ ಎಲ್ಲ ಮುಗಿಯುವ ತನಕ ನಾನು ಅಲ್ಲೇ ನಿಂತಿದ್ದೆ. ಕಾಯುತ್ತಿದ್ದ ಹಿರಿಯರು ತಂದೆಯ ಕೋವಿಯನ್ನು ನನ್ನತ್ತ ಚಾಚಿ, ತೂಕ ನೋಡಿ ಅಂದರು. ನಾನು ಪ್ರವಾಸಿ ವೀಸಾದವನು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನನ್ನ ಊರು ಯಾವುದೆಂದು ಹೇಳಿದೆ. ಅವರು ತಲೆಯಾಡಿಸಿ, ಕೋವಿಯನ್ನು ಮತ್ತೆ ತಮ್ಮ ಮಡಿಲಿಗೆ ಒರಗಿಸಿಕೊಂಡರು.