ಬೆಳಕಿಗೆ ಅಂಜುವ ಮೀನು

ಕೆರೆಯ ದಂಡೆಯಲ್ಲಿ ಗಾಳ ಹಿಡಿದು ಕುಳಿತವನನ್ನು ನಾವು ಸೋಮಾರಿಯೆಂದು ಎಣಿಸುವುದುಂಟು. ಆದರೆ ಅಮೆರಿಕದ ಉತ್ತರದಂಚಿನಲ್ಲಿರುವ ಮಿನ್ನೆಸೋಟ ರಾಜ್ಯದಲ್ಲಿ ಅಂಥವನಿಗಾಗಿಯೇ ಒಂದು ಹಬ್ಬವಿದೆ. ಚಳಿಗಾಲವೆಲ್ಲ ಹೆಪ್ಪುಗಟ್ಟಿದ್ದ ಅಲ್ಲಿಯ ಸರೋವರಗಳು ಏಪ್ರಿಲ್ ವೇಳೆಗೆ ಕರಗತೊಡಗುತ್ತವೆ. ಮೇ ತಿಂಗಳ ನಡುವೆ, ಸಾಮಾನ್ಯವಾಗಿ ಒಂದು ಶನಿವಾರ, ಮೀನು ಹಿಡಿಯಲು ಸರ್ಕಾರದ ಅಪ್ಪಣೆ ದೊರೆಯುತ್ತದೆ. ಅಂದು ನೀರಿಗಿಳಿಯುವ ದೋಣಿಗಳಲ್ಲಿ ಬಹುಪಾಲು ಅರಸುವುದು ಒಂದೇ ಮೀನನ್ನು. ಅದರ ಹೆಸರು ವಾಲೈ. ಅಲ್ಲಿಯ ಮೂಲನಿವಾಸಿಗಳಾದ ಒಜಿಬ್ವೆ ಜನರ ನುಡಿಯಲ್ಲಿ ಒಗಾ. ೧೯೬೫ರಿಂದ ಅದು ಆ ರಾಜ್ಯದ ಅಧಿಕೃತ ಮೀನು.

ಈ ಮೀನಿನ ವೈಶಿಷ್ಟ್ಯವಿರುವುದು ಅದರ ಕಣ್ಣಿನಲ್ಲಿ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಪದರವೊಂದುಂಟು. ಇರುಳಿನಲ್ಲಿ ದೀಪ ಹಿಡಿದರೆ ಬೆಕ್ಕಿನ ಕಣ್ಣಿನಂತೆ ಇದರ ಕಣ್ಣೂ ಹೊಳೆಯುತ್ತದೆ. ಇತರ ಸಣ್ಣ ಮೀನುಗಳಿಗೆ ಕಣ್ಣು ಕಾಣದ ಮಬ್ಬಿನಲ್ಲಿ ಇದು ಬೇಟೆಯಾಡಬಲ್ಲದು. ಬಿರುಬಿಸಿಲಿನಲ್ಲಾದರೋ ಆಳಕ್ಕೆ ಸರಿದುಬಿಡುತ್ತದೆ. ಆದುದರಿಂದ ಅನುಭವಿಯಾದ ಗಾಳಗಾರನು ಕನ್ನಡಿಯಂತೆ ನಿಶ್ಚಲವಾದ ನೀರನ್ನು ಬಯಸುವುದಿಲ್ಲ. ಗಾಳಿಯೆದ್ದು, ಕಿರುದೆರೆಗಳೇಳಲಿ, ಬಿಸಿಲು ಒಡೆದು ಚದುರಲಿ ಎಂದು ಹಾರೈಸುತ್ತಾನೆ. ಮುಂಜಾವ, ಮುಸ್ಸಂಜೆ, ಮೋಡ ಕವಿದ ಹಗಲು ಅವನಿಗೆ ಪ್ರಶಸ್ತ ಕಾಲಗಳು.

ಮಂಜು ಕರಗಿದೊಡನೆಯೇ ವಾಲೈ ದಡದ ಬಳಿಯ ನೊರಜುಗಲ್ಲುಗಳ ಮೇಲೋ, ಸರೋವರಕ್ಕೆ ಬಂದು ಸೇರುವ ಹೊಳೆಗಳಲ್ಲೋ ಮೊಟ್ಟೆ ಚೆಲ್ಲುತ್ತದೆ. ಮೊಟ್ಟೆಗಳನ್ನು ಕಾಯುವ ಅಭ್ಯಾಸ ಇದಕ್ಕಿಲ್ಲ. ಆ ದಿನಗಳಲ್ಲಿ ಗಾಳಕ್ಕೆ ನಿಷೇಧವಿರುವುದು ಈ ಕಾರಣದಿಂದಲೇ. ವಸಂತದ ಕೊನೆಯ ವಾರಗಳಲ್ಲಿ ಹಸಿದ ಮೀನು ಇನ್ನೂ ದಡಕ್ಕೆ ಸಮೀಪದಲ್ಲೇ ಸುಳಿಯುತ್ತಿರುತ್ತದೆ. ಸೀಸದ ಗುಂಡು ಬೆಸೆದ ಗಾಳಕ್ಕೆ ಸಣ್ಣ ಮೀನೊಂದನ್ನು ಸಿಕ್ಕಿಸಿ, ತಳಕ್ಕೆ ತಾಗಿಯೂ ತಾಗದಂತೆ ಮೆಲ್ಲಗೆ ಎಳೆಯಬೇಕು. ಮೀನು ಕಚ್ಚಿದುದು ಅನೇಕ ವೇಳೆ ದಾರ ತುಸು ಭಾರವಾದುದರಿಂದ ಮಾತ್ರ ತಿಳಿಯುತ್ತದೆ.

ಇಷ್ಟೇ ಆಗಿದ್ದರೆ ಇದು ಬರಿಯ ವಿನೋದದ ಮಾತಾಗುತ್ತಿತ್ತು. ಆದರೆ ಈ ಮೀನು ಹಲವರಿಗೆ ಜೀವನೋಪಾಯವೂ ಹೌದು. ರಾಜ್ಯದ ಉತ್ತರ ಭಾಗದಲ್ಲಿ ರೆಡ್ ಲೇಕ್ ಎಂಬ ಜೋಡಿ ಸರೋವರವಿದೆ. ಅದರ ವಿಸ್ತಾರ ೧,೧೦೦ ಚದರ ಕಿಲೋಮೀಟರಿಗೂ ಹೆಚ್ಚು. ಅದರ ಬಹುಭಾಗ ಅದೇ ಹೆಸರಿನ ಒಜಿಬ್ವೆ ಪಂಗಡಕ್ಕೆ ಸೇರಿದ್ದು. ಪೂರ್ವದ ಒಂದು ಪಾಲು ಮಾತ್ರ ರಾಜ್ಯದ ಅಧೀನ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಹಾರದ ಅಭಾವವನ್ನು ನೀಗಲೆಂದು ಅಲ್ಲಿ ಮಾರಾಟದ ಮೀನುಗಾರಿಕೆ ಆರಂಭವಾಯಿತು. ಹಲವು ದಶಕ ಬಲೆ ಬೀಸಿದ್ದಾಯಿತು. ಗಾಳವೂ ಕಳ್ಳಮಾರಾಟವೂ ಜೊತೆಗೂಡಿದವು. ೧೯೯೦ರ ದಶಕದ ನಡುವೆ ನೋಡಿದರೆ ಸರೋವರದಲ್ಲಿ ವಾಲೈ ಹೆಚ್ಚುಕಡಮೆ ಇಲ್ಲವಾಗಿತ್ತು.

ಅಲ್ಲಿಂದ ಮುಂದಿನದು ಗಮನಾರ್ಹ. ೧೯೯೭ರಲ್ಲಿ ಆ ಪಂಗಡದ ಬೆಸ್ತರು ತಾವಾಗಿಯೇ ಮಾರಾಟದ ಬಲೆಗಳನ್ನು ಮೇಲೆತ್ತಿದರು. ತರುವಾಯ ಮನೆಯ ಅಡುಗೆಗೆಂದು ಹಿಡಿಯುವುದನ್ನೂ ಬಿಟ್ಟರು. ೧೯೯೯ರಲ್ಲಿ ಪಂಗಡಕ್ಕೂ ರಾಜ್ಯಕ್ಕೂ ಒಪ್ಪಂದವಾಗಿ ರಾಜ್ಯದ ಪಾಲಿನ ನೀರಿನಲ್ಲಿಯೂ ವಾಲೈ ಹಿಡಿಯುವುದು ನಿಂತಿತು. ಕೋಟಿಗಟ್ಟಲೆ ಮರಿಗಳನ್ನು ತಂದು ನೀರಿಗೆ ಬಿಟ್ಟರು. ಅಂದುಕೊಂಡದ್ದಕ್ಕಿಂತ ಬೇಗನೆ ಸರೋವರ ಚೇತರಿಸಿಕೊಂಡು, ೨೦೦೬ರ ಮೇ ತಿಂಗಳಿನಲ್ಲಿ ಗಾಳಗಾರರಿಗೆ ಮತ್ತೆ ಅಪ್ಪಣೆ ದೊರೆಯಿತು. ಆದರೆ ಇಷ್ಟೇ ಮೀನು, ಇಂಥ ಅಳತೆಯದೇ ಎಂಬ ಕಟ್ಟುಪಾಡಿನೊಂದಿಗೆ.

ಮರಿ ಸಾಕುವ ವಿದ್ಯೆ ಇಲ್ಲಿ ನೆರವಾಯಿತು, ನಿಜ. ಆದರೆ ಬಲೆಗಳು ನೀರಿನಲ್ಲೇ ಇದ್ದಿದ್ದರೆ ಬಿಟ್ಟ ಮರಿಗಳು ಬೆಳೆಯುವುದೆಂತು? ವಿನೋದಕ್ಕೆ ಗಾಳ ಹಾಕುವವನು ಒಂದು ಸರೋವರ ಮುಚ್ಚಿದರೆ ಇನ್ನೊಂದಕ್ಕೆ ಹೋದಾನು. ಆ ನೀರನ್ನೇ ನಂಬಿದ ಬೆಸ್ತನಿಗೆ ಆ ಸೌಕರ್ಯವಿರಲಿಲ್ಲ. ಹಾಗಿದ್ದೂ ಬಲೆಯನ್ನು ಮೊದಲು ಎತ್ತಿದವನು ಅವನೇ. ಮೇ ತಿಂಗಳಲ್ಲಿ ರೆಡ್ ಲೇಕಿನ ಮೇಲೆ ದೋಣಿಗಳು ತೇಲುವಾಗ, ಆ ಹಬ್ಬದ ಹಿಂದೆ ಒಂಬತ್ತು ವರ್ಷಗಳ ಉಪವಾಸವೊಂದಿದೆ ಎಂಬುದನ್ನು ನಾವು ಮರೆಯಲಾಗದು.