ಮಳೆಯ ಮೊತ್ತವೂ ಮಳೆಯ ಹೊತ್ತೂ
(ಕಪನೂರಿನಲ್ಲಿ ಮಾಡಿದ ಭಾಷಣ)



ಹುಮನಾಬಾದದ ದಾರಿಯಲ್ಲಿ ಹಾದುಹೋಗುವವರು ಕಪನೂರಿನ ಬೇಳೆಗಿರಣಿಗಳ ಸದ್ದು ಕೇಳಿ, ಇಲ್ಲಿಯ ಸಂಪತ್ತು ಯಂತ್ರಗಳಿಂದ ಹುಟ್ಟಿತೆಂದು ಬಗೆಯಬಹುದು. ಅದು ಹುಟ್ಟಿದುದು ಎರೆಯ ಹೊಲದಲ್ಲಿ; ಅದೂ ಬಹುಮಟ್ಟಿಗೆ ಆಕಾಶದ ನೀರಿನಿಂದ. 2019ರಲ್ಲಿ ನಮ್ಮ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮನ್ನಣೆ ಬಂದಿತು. ಬೆಳೆದವನು ಮಾತ್ರ ಇನ್ನೂ ಮೋಡವನ್ನೇ ನೋಡುತ್ತಿದ್ದಾನೆ.

ಮಳೆಯ ಮೊತ್ತಕ್ಕಿಂತಲೂ ಅದರ ಹೊತ್ತು ಕೆಟ್ಟಿರುವುದೆಂದು ನಾವು ಹೇಳುತ್ತೇವೆ. ಮೃಗಶಿರೆಯಲ್ಲಿ ಬಿತ್ತಬೇಕಾದವನು ಆರಿದ್ರೆಯ ತನಕ ಕಾಯುತ್ತಾನೆ; ಬಿತ್ತಿದ ಮೇಲೆ ವಾರಗಟ್ಟಲೆ ಹನಿಯಿಲ್ಲ; ಉತ್ತರೆ ಹಸ್ತೆಗಳಲ್ಲಿ ತಿಂಗಳ ಮಳೆ ಎರಡೇ ದಿನಕ್ಕೆ ಸುರಿಯುತ್ತದೆ. ಗಾಳಿಯು ಒಂದು ಡಿಗ್ರಿ ಹೆಚ್ಚು ಕಾದರೆ ನೂರಕ್ಕೆ ಸುಮಾರು 7ರಷ್ಟು ಹೆಚ್ಚು ಆವಿಯನ್ನು ಹಿಡಿಯಬಲ್ಲುದು. ಹಿಡಿದುದನ್ನು ಒಮ್ಮೆಲೇ ಸುರಿಸುತ್ತದೆ. ಎರೆಮಣ್ಣೋ, ಒಣಗಿದರೆ ಬಿರಿಯುವುದು, ನೆನೆದರೆ ನೀರನ್ನು ಬೇಗ ಬಿಟ್ಟುಕೊಡದು. 2020ರ ಅಕ್ಟೋಬರಿನಲ್ಲಿ ಭೀಮೆ ದಡಮೀರಿ ಹರಿದಳು. 2022ರಲ್ಲಿ ಅತಿವೃಷ್ಟಿಯ ಬೆನ್ನಿಗೆ ನೆಟೆರೋಗ ತಗುಲಿ ಕಾಯಿಕಟ್ಟುವ ತೊಗರಿ ನಿಂತಲ್ಲಿಯೇ ಒಣಗಿತು. ಮರುವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. ಅತಿವೃಷ್ಟಿಗೂ ಅನಾವೃಷ್ಟಿಗೂ ನಡುವೆ ಸಾಲ ತೀರಿಸುವಷ್ಟು ಬಿಡುವೂ ರೈತನಿಗೆ ದೊರೆಯಲಿಲ್ಲ.

ಕಮಲಾಪುರದ ಕೆಂಪು ಬಾಳೆಯನ್ನು ಕೇಳಿರಿ. ಒಂದು ಗೊನೆಗೆ ಸುಮಾರು ಹದಿನೆಂಟು ತಿಂಗಳು. ಅಷ್ಟು ದಿನವೂ ಬಾವಿ ಬತ್ತಬಾರದು. ಒಂದು ಬೇಸಿಗೆ ನೀರು ತಪ್ಪಿದರೆ ಒಂದೂವರೆ ವರ್ಷದ ಬೆವರೂ ಹೋಯಿತು.

ಇನ್ನು ಪರಿಹಾರದ ಮಾತು. ನ್ಯಾಯಾಲಯದಲ್ಲಿ ವಯಸ್ಸು ಕಳೆದ ನಮಗೆ ಕಾಗದದ ಮಹಿಮೆ ಚೆನ್ನಾಗಿ ಗೊತ್ತು! 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಯ ನಷ್ಟವನ್ನು ಗ್ರಾಮಪಂಚಾಯಿತಿಯ ಸರಾಸರಿಯಿಂದ ಅಳೆಯುತ್ತಾರೆ: ಕೆಲವು ಹೊಲಗಳಲ್ಲಿ ಪೈರು ಕೊಯ್ದು ತೂಗುತ್ತಾರೆ. ಮಳೆಯೋ ಈಗ ಒಂದು ಬದುವಿನಾಚೆ ಸುರಿದು ಈಚೆ ಬಿಡುತ್ತದೆ. ನೆರೆಯವನ ರಾಶಿ ನಿಮ್ಮ ನಷ್ಟವನ್ನು ಮುಚ್ಚಿಬಿಡುವುದು. ಹೊಲದಲ್ಲಿ ನೀರು ನಿಂತು ಕೆಟ್ಟರೆ ಬೇರೆ ದೂರು ಕೊಡಬಹುದು; ಆದರೆ 72 ಗಂಟೆಗಳೊಳಗೆ. ಕೆಸರಿನಲ್ಲಿ ಮೊಳಕಾಲುದ್ದ ನಿಂತವನಿಗೆ ಈ ಗಡಿಯಾರವನ್ನು ಯಾರು ತೋರಿಸಿದರು?

ಆದುದರಿಂದ ಈ ಊರಿನ ವಿದ್ಯಾವಂತ ತರುಣರಲ್ಲಿ ನಮ್ಮ ಬೇಡಿಕೆ ಇಷ್ಟು. ಪ್ರತಿ ಹಳ್ಳಿಯಲ್ಲಿಯೂ ಮಳೆಯ ಅಳತೆಯನ್ನು ದಿನದಿನವೂ ಬರೆದಿಡಿರಿ. ವರ್ಷದ ಮೊತ್ತ ಸಾಲದು. ನೀರು ನಿಂತ ಹೊಲದ ದೂರನ್ನು ಅಕ್ಷರ ಬಾರದವನ ಪರವಾಗಿ ಅಂದೇ ಬರೆದು ಮುಟ್ಟಿಸಿರಿ. ಗ್ರಾಮಸಭೆಯಲ್ಲಿ ಕೆರೆಯ ಹೂಳು, ಹೊಲದ ಬದು, ಕೃಷಿಹೊಂಡ ಇವುಗಳ ಠರಾವು ಮೃಗಶಿರೆಗೆ ಮೊದಲೇ ಆಗಲಿ. ಎರಡು ದಿನದಲ್ಲಿ ಸುರಿದ ನೀರು ಉಳಿದ ದಿನಗಳಿಗೆ ಬೇಕಾಗುವುದು. ಮೊದಲ ಠರಾವಿನ ಕರಡನ್ನು ನಾವು ಬರೆದು ತಂದಿದ್ದೇವೆ. ಸಭೆ ಮುಗಿದೊಡನೆ ಓದಿ ತಿದ್ದೋಣ.