ಶಿಶುವಿಹಾರದಲ್ಲಿ ಮಗು ಎಷ್ಟು ಹೊತ್ತು ಇರಬೇಕು?

(ಎಡೋಗಾವಾದ ನಿಶಿಕಸಾಯಿಯಲ್ಲಿ ಸೇರಿದ್ದ ಕನ್ನಡ ಕುಟುಂಬಗಳ ಮುಂದೆ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ವೈದ್ಯನನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಕುರಿತು ನಾಲ್ಕು ಮಾತು ಹೇಳಿ ಹೋಗುವುದು ವಾಡಿಕೆ. ನಾವೂ ಅದಕ್ಕೇ ಸಿದ್ಧರಾಗಿ ಬಂದಿದ್ದೆವು. ಆದರೆ ಹತ್ತು ದಿನಗಳ ಹಿಂದೆ, ಇಲ್ಲಿ ನೆಲೆಸಿರುವ ನಮ್ಮ ತಮ್ಮನ ಮಗನ ಮನೆಯಲ್ಲಿ ಬಂದಿಳಿದ ರಾತ್ರಿ, ಊಟಕ್ಕೆ ಕುಳಿತಾಗ ಅವನ ಹೆಂಡತಿ ಕೇಳಿದ ಒಂದು ಪ್ರಶ್ನೆ ಆ ಸಿದ್ಧತೆಯನ್ನೆಲ್ಲ ಬದಿಗೆ ಸರಿಸಿತು. “ಮಾವ, ಏಪ್ರಿಲ್‌ನಿಂದ ಪುಟ್ಟನಿಗೆ ಹೊಯಿಕುಎನ್ ಸಿಕ್ಕಿದೆ. ದಿನಕ್ಕೆ ಹನ್ನೊಂದು ಗಂಟೆಯವರೆಗೆ ಬಿಡಬಹುದು ಅಂತ ಕಾಗದ ಬಂದಿದೆ. ನಿಜವಾಗಿ ಎಷ್ಟು ಹೊತ್ತು ಬಿಡಬೇಕು, ನೀವೇ ಹೇಳಿ” ಎಂದಳು. ಪುಟ್ಟನಿಗೆ ಆಗ ಇಪ್ಪತ್ತು ತಿಂಗಳು. ಅವನು ಮೇಜಿನ ಕೆಳಗೆ ಕುಳಿತು ನಮ್ಮ ಚಪ್ಪಲಿಯನ್ನು ಪರೀಕ್ಷಿಸುತ್ತಿದ್ದ.

ಪ್ರಶ್ನೆ ಅವಳೊಬ್ಬಳದಲ್ಲ. 2000ನೆಯ ಇಸವಿಯ ಆಸುಪಾಸಿನಲ್ಲಿ ಗಣಕಯಂತ್ರಗಳ ‘ವೈ-ಟು-ಕೆ’ ತೊಡಕನ್ನು ಬಿಡಿಸಲು ಬಂದ ಭಾರತೀಯ ಇಂಜಿನಿಯರುಗಳು, ತೋಜಾಯಿ ಮಾರ್ಗದ ರೈಲು ನೇರವಾಗಿ ಓತೆಮಾಚಿಗೆ ಒಯ್ಯುತ್ತದೆಂದು ಇಲ್ಲಿ ಬಿಡಾರ ಹೂಡಿದ ಕಥೆಯನ್ನು ನೀವು ನಮಗಿಂತ ಚೆನ್ನಾಗಿ ಬಲ್ಲಿರಿ. ಅಂದು ಒಂಟಿಯಾಗಿ ಬಂದವರು ಇಂದು ಸಂಸಾರವಂದಿಗರು. ಗಂಡ ಹೆಂಡಿರಿಬ್ಬರೂ ದುಡಿಯುವ ಮನೆಗಳು ಹೆಚ್ಚಿವೆ. ಅಜ್ಜಿ ಬಂದರೂ ತೊಂಬತ್ತು ದಿನಗಳ ವೀಸಾ ಮುಗಿಯುವಷ್ಟರಲ್ಲಿ ಹೊರಡಬೇಕು. ಮಗುವನ್ನು ಪರರ ಕೈಗೆ ಒಪ್ಪಿಸದೆ ಗತ್ಯಂತರವಿಲ್ಲ. ಒಪ್ಪಿಸಬೇಕೆ ಬೇಡವೆ ಎಂಬ ಚರ್ಚೆಗೆ ನಾವು ಇಲ್ಲಿ ಕೈಹಾಕುವುದಿಲ್ಲ. ಆ ಚರ್ಚೆ ಯಾವಾಗಲೂ ತಾಯಿಯೊಬ್ಬಳನ್ನೇ ಕಟಕಟೆಯಲ್ಲಿ ನಿಲ್ಲಿಸಿ ಮುಗಿಯುತ್ತದೆ.

ಹನ್ನೊಂದು ಗಂಟೆ ಎಂಬ ಅಂಕಿ ಎಲ್ಲಿಂದ ಬಂತು? 2015ರಲ್ಲಿ ಜಾರಿಗೆ ಬಂದ ವ್ಯವಸ್ಥೆಯಂತೆ ಇಲ್ಲಿನ ಹೊಯಿಕುಎನ್‌ಗಳಲ್ಲಿ ಎರಡು ಬಗೆಯ ಅವಧಿಗಳಿವೆ. ತಂದೆತಾಯಿಗಳಿಬ್ಬರೂ ತಿಂಗಳಿಗೆ ಸುಮಾರು 120 ಗಂಟೆ ಅಥವಾ ಹೆಚ್ಚು ದುಡಿಯುವವರಾದರೆ ದಿನಕ್ಕೆ 11 ಗಂಟೆಯವರೆಗೆ. ಅದಕ್ಕಿಂತ ಕಡಿಮೆ ದುಡಿಮೆಯಾದರೆ 8 ಗಂಟೆಯವರೆಗೆ. ಪತಿಯ ಆಶ್ರಿತ ವೀಸಾದಲ್ಲಿರುವ ಸೋದರಿಯರಿಗೆ ಅನುಮತಿ ಪಡೆದ ಮೇಲೆ ವಾರಕ್ಕೆ 28 ಗಂಟೆ ಮಾತ್ರ ದುಡಿಯುವ ಅವಕಾಶವಿರುವುದರಿಂದ ಅವರ ಮಕ್ಕಳು ಸಾಮಾನ್ಯವಾಗಿ ಎರಡನೆಯ ಗುಂಪಿಗೆ ಬೀಳುತ್ತಾರೆ. ಮೂರು ವರ್ಷ ತುಂಬಿದವರ ಯೋಚಿಎನ್‌ಗೆ ನಾಲ್ಕು ಗಂಟೆಯೇ ಪ್ರಮಾಣ. ತಾಯಿ ಮನೆಯಲ್ಲೇ ಇರುವ, ಆರು ತಿಂಗಳಿನಿಂದ ಮೂರು ವರ್ಷದೊಳಗಿನ ಮಕ್ಕಳಿಗೆಂದು 2026ರ ಏಪ್ರಿಲ್‌ನಿಂದ ದೇಶಾದ್ಯಂತ ಅನ್ವಯಿಸುವ ಹೊಸ ಯೋಜನೆಯ ಮಿತಿ ತಿಂಗಳಿಗೆ ಹತ್ತು ಗಂಟೆ. ಒಂದೇ ಮಹಡಿಯಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಬೆಳೆಯುವ ಒಂದೇ ವಯಸ್ಸಿನ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ದಿನಕ್ಕೆ ಹನ್ನೊಂದು, ಇನ್ನೊಬ್ಬನಿಗೆ ತಿಂಗಳಿಗೆ ಹತ್ತು! ಇದರಲ್ಲಿ ಮಗುವಿನ ನಿದ್ರೆ, ಹಸಿವು, ಸ್ವಭಾವಗಳ ಲೆಕ್ಕ ಎಲ್ಲಿಯೂ ಇಲ್ಲ. ಇದು ದೊಡ್ಡವರ ಕಚೇರಿ ಮತ್ತು ರೈಲುಪ್ರಯಾಣದ ಲೆಕ್ಕ. ತಪ್ಪೆಂದು ನಾವು ಹೇಳುತ್ತಿಲ್ಲ. ಔಷಧದ ಸೀಸೆಯ ಮೇಲೆ ಗರಿಷ್ಠ ಪ್ರಮಾಣ ಅಚ್ಚಾಗಿರುತ್ತದೆ. ಯಾವ ವೈದ್ಯನೂ ಎಳೆಯ ಮಗುವಿಗೆ ಮೊದಲ ದಿನವೇ ಅದನ್ನು ಬರೆಯುವುದಿಲ್ಲ. 2025ರ ಸೆಪ್ಟೆಂಬರಿನಿಂದ ತೋಕಿಯೊದಲ್ಲಿ ಎರಡು ವರ್ಷದವರೆಗಿನ ಮೊದಲ ಮಗುವಿಗೂ ಶುಲ್ಕವಿಲ್ಲ. ಪುಕ್ಕಟೆ ದೊರೆತದ್ದನ್ನು ಪೂರ್ತಿ ಬಳಸಬೇಕೆನ್ನುವ ನಮ್ಮವರ ಜಾಣತನ ಈ ವಿಷಯದಲ್ಲಿ ಬೇಡ.

ಇಷ್ಟು ಧೈರ್ಯದಿಂದ ಹೇಳುವ ನಾವು ಏನು ಮಾಡಿದೆವೆಂಬುದನ್ನೂ ಹೇಳಬೇಕು. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ 1990ರ ದಶಕದಲ್ಲಿ ಅಮೆರಿಕದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದ ಕಾಲ. ವಾರಕ್ಕೆ 80 ಗಂಟೆ ಮೀರಬಾರದೆಂಬ ನಿಯಮ ಆ ದೇಶದಲ್ಲಿ ಬಂದದ್ದು 2003ರಲ್ಲಿ. ನಮ್ಮ ಕಾಲಕ್ಕೆ ಮಿತಿಯೆಂಬುದೇ ಇರಲಿಲ್ಲ. ನಮ್ಮ ಧರ್ಮಪತ್ನಿಯೂ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದರು. ಹದಿನೆಂಟು ತಿಂಗಳ ಮಗಳನ್ನು ಒಂದು ಸೋಮವಾರ ಬೆಳಿಗ್ಗೆ ಏಳಕ್ಕೆ ಶಿಶುವಿಹಾರಕ್ಕೆ ಬಿಟ್ಟು ಸಂಜೆ ಆರಕ್ಕೆ ಕರೆತಂದೆವು. ಮೊದಲ ದಿನವೇ ಹನ್ನೊಂದು ಗಂಟೆ. ಎರಡು ವಾರ ಅತ್ತಳು. ಮೂರನೆಯ ವಾರ ಅಳು ನಿಂತಿತು. ಹೊಂದಿಕೊಂಡಳೆಂದು ನಾವು ಸಂತೋಷಪಟ್ಟೆವು. ಆದರೆ ಮನೆಗೆ ಬಂದೊಡನೆ ಬಾಗಿಲಲ್ಲೇ ಬಿದ್ದು ಹೊರಳಾಡಿ ರಂಪ ಮಾಡುತ್ತಿದ್ದಳು. ಅಲ್ಲಿ ಸುಮ್ಮನಿದ್ದವಳು ಇಲ್ಲೇಕೆ ಹೀಗೆ, ಮುದ್ದು ಹೆಚ್ಚಾಯಿತು ಎಂದುಕೊಂಡು ಗದರಿದೆವು. ಮಕ್ಕಳ ವಾರ್ಡಿನಲ್ಲಿ ಪರರ ಮಕ್ಕಳನ್ನು ಪರೀಕ್ಷಿಸಿ ಬಂದವರು ನಾವೇ! ದಿನವಿಡೀ ಬಿಗಿಹಿಡಿದದ್ದನ್ನು ಮಗು ತನ್ನವರ ಮುಂದೆ ಮಾತ್ರ ಬಿಟ್ಟುಕೊಡುತ್ತದೆ ಎಂಬ ಸರಳ ಸಂಗತಿ ಆಗ ತೋಚಲಿಲ್ಲ. ಇನ್ನೊಂದು ನಷ್ಟ ಗೊತ್ತಾದದ್ದು ಎರಡು ವರ್ಷಗಳ ನಂತರ, ಊರಿಗೆ ಹೋದಾಗ. ನಮ್ಮ ತಾಯಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತನಾಡಿಸಿದರು. ಮಗಳಿಗೆ ಅರ್ಥವಾಯಿತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತಾಯಿಯವರು ನಮ್ಮ ಮುಖವನ್ನೊಮ್ಮೆ ನೋಡಿ ಮಗುವನ್ನು ಕೆಳಗಿಳಿಸಿದರು.

ಶಾಸ್ತ್ರ ಏನು ಹೇಳುತ್ತದೆ? ಅಮೆರಿಕದಲ್ಲಿ 1991ರಲ್ಲಿ ಆರಂಭವಾದ ದೊಡ್ಡ ಅಧ್ಯಯನವೊಂದು 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿತು. ಆರೈಕೆಯ ಗುಣಮಟ್ಟ ಚೆನ್ನಾಗಿದ್ದಲ್ಲಿ ಭಾಷೆ ಮತ್ತು ಗ್ರಹಿಕೆ ಸ್ವಲ್ಪ ಮೇಲಾದವು. ಗಂಟೆಗಳು ಹೆಚ್ಚಿದಂತೆ ಹಟ, ಜಗಳಗಂಟಿತನಗಳು ಸ್ವಲ್ಪ ಹೆಚ್ಚಿದವು. ಇವೆರಡಕ್ಕಿಂತಲೂ ಮನೆಯ ವಾತಾವರಣದ ಪ್ರಭಾವ ದೊಡ್ಡದಾಗಿತ್ತು. ನಾರ್ವೆಯಂತಹ ದೇಶದಲ್ಲಿ, ಹೆರಿಗೆ ರಜೆ ದೀರ್ಘವಾಗಿರುವಲ್ಲಿ, ಗಂಟೆಗಳಿಗೂ ಹಟಕ್ಕೂ ಅಂತಹ ನಂಟು ಹೆಚ್ಚಾಗಿ ಕಾಣಲಿಲ್ಲ. ಇನ್ನೊಂದು ಬಗೆಯ ಸಂಶೋಧನೆ ಮಕ್ಕಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಳೆಯಿತು. ದೇಹ ಒತ್ತಡವನ್ನು ಎದುರಿಸುವಾಗ ಏರುವ ಹಾರ್ಮೋನು ಇದು. ಮನೆಯಲ್ಲಿರುವ ದಿನ ಬೆಳಗಿನಿಂದ ಸಂಜೆಗೆ ಇಳಿಯುತ್ತ ಹೋಗುವ ಇದು, ಇಡೀ ದಿನ ಗುಂಪಿನಲ್ಲಿರುವ ಅನೇಕ ಎಳೆಯ ಮಕ್ಕಳಲ್ಲಿ ಮಧ್ಯಾಹ್ನದ ನಂತರ ಏರುತ್ತದೆ. ಏರಿದರೆ ಮಗು ಕೆಟ್ಟಿತೆಂದಲ್ಲ, ದಣಿದಿದೆ ಎಂದಷ್ಟೆ. ಒಟ್ಟಿನಲ್ಲಿ ಇಷ್ಟೇ ಗಂಟೆ ಸರಿ ಎಂಬ ಅಂಕಿಯನ್ನು ಯಾವ ಗ್ರಂಥವೂ ಕೊಡುವುದಿಲ್ಲ. ಆದರೆ ಮಧ್ಯಾಹ್ನದ ನಿದ್ರೆಯ ನಂತರದ ಗಂಟೆಗಳು ಬೆಳಗಿನ ಗಂಟೆಗಳಿಗಿಂತ ಮಗುವಿಗೆ ಭಾರ ಎಂಬುದು ನಮ್ಮ ಅನುಭವಕ್ಕೂ ಒಪ್ಪುವ ಮಾತು. ಕಡಿಮೆ ಮಾಡುವುದಾದರೆ ಸಂಜೆಯ ತುದಿಯಿಂದ ಮಾಡಿ.

ಈ ದೇಶದವರಿಂದ ನಾವು ಕಲಿಯಬೇಕಾದದ್ದು ‘ನರಾಶಿ ಹೊಯಿಕು’, ಅಂದರೆ ಮಗುವನ್ನು ಮೆಲ್ಲಮೆಲ್ಲಗೆ ರೂಢಿ ಮಾಡಿಸುವ ಕ್ರಮ. ಮೊದಲ ಒಂದೆರಡು ದಿನ ಒಂದೋ ಎರಡೋ ಗಂಟೆ. ಆಮೇಲೆ ಊಟ ಮುಗಿಯುವವರೆಗೆ. ಆ ಊಟ ಹಿಡಿಸಿತೆಂದು ಕಂಡ ಮೇಲೆ ನಿದ್ರೆ ಮುಗಿಯುವವರೆಗೆ. ಕೊನೆಗೆ ಪೂರ್ತಿ ದಿನ. ಒಂದೆರಡು ವಾರ ಹಿಡಿಯುತ್ತದೆ. ನಮ್ಮವರು ಅನೇಕರು ಇದನ್ನು ತಲೆನೋವೆಂದು ಭಾವಿಸಿ, ರಜೆಯಿಲ್ಲವೆಂದು ಹೇಳಿ ಮೂರೇ ದಿನಕ್ಕೆ ಇಳಿಸಿಕೊಳ್ಳುತ್ತಾರೆಂದು ಕೇಳಿದೆವು. ದಯವಿಟ್ಟು ಹಾಗೆ ಮಾಡಬೇಡಿ. ಅಕ್ಕಿಯ ಹಿಟ್ಟಿನ ರೊಟ್ಟಿ, ಹಾಲನ್ನ ಉಂಡು ಬೆಳೆದ ಮಗುವಿಗೆ ಮೀನಿನ ಸಾರಿನ ವಾಸನೆಯೇ ಹೊಸದು. ನೀವು ಸಸ್ಯಾಹಾರಿಗಳಾದರೆ ಮೊದಲೇ ಮಾತನಾಡಿ ತೀರ್ಮಾನಿಸಿ. ಹಸಿದ ಮಗು ಮಲಗುವುದಿಲ್ಲ, ಮಲಗದ ಮಗುವಿಗೆ ಮಧ್ಯಾಹ್ನವೆಂಬುದು ಮುಗಿಯುವುದೇ ಇಲ್ಲ. ಈ ಮೆಟ್ಟಿಲುಗಳಲ್ಲಿ ಮಗು ಎಲ್ಲಿ ಎಡವುತ್ತದೆಂಬುದೇ ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಅರ್ಧ ಉತ್ತರ.

ಉಳಿದ ಅರ್ಧ ‘ರೆನ್ರಾಕುಚೋ’ ಎಂಬ ದಿನವಹಿ ಪುಸ್ತಕದಲ್ಲಿದೆ. ಎಷ್ಟು ಉಂಡ, ಎಷ್ಟು ಹೊತ್ತು ಮಲಗಿದ, ಮೈಬಿಸಿ ಎಷ್ಟಿತ್ತು ಎಂಬುದನ್ನು ಅವರು ಬರೆಯುತ್ತಾರೆ, ಮನೆಯ ಸಂಗತಿಯನ್ನು ನೀವು ಬರೆಯಬೇಕು. ಈಗ ಹಲವೆಡೆ ಅದು ಫೋನಿನೊಳಗೆ ಸೇರಿದೆ. ಭಾಷೆ ಬಾರದೆಂದು ಖಾಲಿ ಬಿಡಬೇಡಿ. ನಮ್ಮ ಆಸ್ಪತ್ರೆಗಳ ನರ್ಸುಗಳೂ ಇಷ್ಟು ನಿಷ್ಠೆಯಿಂದ ಚಾರ್ಟು ತುಂಬುವುದನ್ನು ನಾವು ಕಂಡಿಲ್ಲ. ಬಾಗಿಲ ಬಳಿಯ ಅಳುವಿನಿಂದ ಏನನ್ನೂ ತೀರ್ಮಾನಿಸಲಾಗದು. ನೀವು ಮರೆಯಾದ ಹತ್ತು ನಿಮಿಷದಲ್ಲಿ ಆಟಕ್ಕೆ ಇಳಿಯುವ ಮಗು ಚೆನ್ನಾಗಿಯೇ ಇದೆ. ತಿಂಗಳಾದರೂ ಅಲ್ಲಿ ಉಣ್ಣದೆ, ಮಲಗದೆ, ರಾತ್ರಿ ಬೆಚ್ಚಿ ಏಳುತ್ತ, ಆಡುತ್ತಿದ್ದ ನಾಲ್ಕು ಮಾತನ್ನೂ ಬಿಟ್ಟಿದ್ದರೆ ಅವಧಿ ಹೆಚ್ಚಾಯಿತೆಂದೇ ತಿಳಿಯಿರಿ. ಮಾತು ಬಿಟ್ಟದ್ದು ಮರಳದಿದ್ದರೆ ವೈದ್ಯರಿಗೂ ತೋರಿಸಿ. ಅಳದೆ, ಆಡದೆ, ಮೂಲೆಯಲ್ಲಿ ಸುಮ್ಮನಿರುವ ಮಗುವಿನ ಬಗ್ಗೆಯೂ ಕೇಳಿ. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬುವರು ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳ ಚಲನಚಿತ್ರ ತೆಗೆದು ವೈದ್ಯರಿಗೆ ತೋರಿಸಿದರು. ಅವಳು ಹೆಚ್ಚು ಅಳಲಿಲ್ಲ. ಅದನ್ನು ನೋಡಿದ ಮೇಲೆ ‘ಒಳ್ಳೆಯ, ಗಲಾಟೆ ಮಾಡದ ಮಗು’ ಎಂಬ ಮಾತನ್ನು ಮೊದಲಿನಂತೆ ಹೇಳುವುದು ಕಷ್ಟ. ಇನ್ನು ಮೊದಲ ವರ್ಷದ ನೆಗಡಿ, ಜ್ವರ ತಪ್ಪಿದ್ದಲ್ಲ. ಅನೇಕ ಕಡೆ 37.5 ದಾಟಿದೊಡನೆ ಕಚೇರಿಗೆ ಫೋನು ಬರುತ್ತದೆ. ಅಂದು ಓಡಿಬರುವವರು ಯಾರೆಂದು ಗಂಡ ಹೆಂಡಿರು ಮೊದಲೇ ಮಾತನಾಡಿಕೊಳ್ಳಿ.

ಈಗ ಕನ್ನಡದ ಲೆಕ್ಕ. ಇಪ್ಪತ್ತು ತಿಂಗಳ ಮಗು ದಿನಕ್ಕೆ 12 ಗಂಟೆ ನಿದ್ರಿಸುತ್ತದೆನ್ನೋಣ. ಎಚ್ಚರವಿರುವುದು 12 ಗಂಟೆ. ಹತ್ತು ಗಂಟೆ ಶಿಶುವಿಹಾರದಲ್ಲಿದ್ದು ಅದರಲ್ಲಿ ಎರಡು ಗಂಟೆ ಮಲಗಿದರೆ ಎಂಟು ಗಂಟೆ ಜಪಾನಿ ಭಾಷೆ, ನಾಲ್ಕು ಗಂಟೆ ಮನೆಮಾತು. ಆರೇ ಗಂಟೆ ಬಿಟ್ಟರೆ ಈ ಅಂಕಿಗಳು ಅದಲುಬದಲು: ಜಪಾನಿ ನಾಲ್ಕು, ಕನ್ನಡ ಎಂಟು. ಎರಡು ಭಾಷೆಯಿಂದ ಮಾತು ತಡವಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಜಪಾನಿ ಭಾಷೆಯ ಚಿಂತೆ ಬೇಡ, ಅದು ತಾನಾಗಿ ಬರುತ್ತದೆ. ಅವಧಿ ಕಡಿಮೆ ಮಾಡಲಾಗದವರು ಆ ನಾಲ್ಕು ಗಂಟೆಗೆ ಬೇಲಿ ಹಾಕಬೇಕು. ಸೈಕಲ್ಲಿನ ಹಿಂದಿನ ಪೀಠದಲ್ಲಿ ಕೂರಿಸಿಕೊಂಡು ಬರುವಾಗ ಸಿಗುವ ಕಾಲು ಗಂಟೆ, ಸ್ನಾನದ ನೀರಿನಲ್ಲಿ ಕೂತ ಕಾಲು ಗಂಟೆ ಕನ್ನಡದ್ದಾಗಲಿ. ಭಾನುವಾರ ಗ್ಯೋಸೆನ್ ಉದ್ಯಾನದ ಪುಟ್ಟ ಮೃಗಾಲಯದಲ್ಲಿ ಪ್ರಾಣಿಗಳ ಹೆಸರೆಲ್ಲ ಕನ್ನಡದಲ್ಲೇ ಇರಲಿ. ಊರಿನ ಅಜ್ಜಿಯನ್ನು ಫೋನಿನ ಪರದೆಯ ಮೇಲೆ ರಾತ್ರಿ ಊಟದ ಹೊತ್ತಿಗೆ ಕರೆಯುವುದೂ ಒಳ್ಳೆಯದೇ. ಇಲ್ಲಿ ಏಳಾದಾಗ ಅಲ್ಲಿ ಮೂರೂವರೆ, ಅವರೂ ಕಾಫಿಗೆ ಎದ್ದಿರುತ್ತಾರೆ.

ಹೊಲದ ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕಳೆ ಕೀಳಲು ಹೋದ ತಾಯಂದಿರನ್ನು ಕಂಡು ಬೆಳೆದವರು ನಾವು. ಆ ತಾಯಿಯ ಕೆಲಸದ ಗಂಟೆಗಳೂ ದೀರ್ಘವೇ. ಆದರೆ ಕೂಸು ಅತ್ತರೆ ಅವಳು ಬರುವಷ್ಟು ದೂರದಲ್ಲಿದ್ದಳು. ಕರ್ನಾಟಕ ಸರ್ಕಾರ 2023ರಲ್ಲಿ ನರೇಗಾ ಕೂಲಿ ಮಹಿಳೆಯರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಘೋಷಿಸಿದ್ದೂ, ಭಾರತದ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಐವತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ನೋಡಬಹುದು ಎಂದದ್ದೂ ಇದೇ ತಿಳಿವಳಿಕೆಯಿಂದ. ಎಡೋಗಾವಾ ವಾರ್ಡು ಕೂಡ 1969ರಷ್ಟು ಹಿಂದೆಯೇ, ವರ್ಷ ತುಂಬದ ಕೂಸುಗಳನ್ನು ನೆರೆಯ ಮನೆಯ ಅನುಭವಿ ಹೆಂಗಸೊಬ್ಬರ ಕೈಗೆ ಒಪ್ಪಿಸುವ ‘ಹೊಯಿಕು ಮಾಮಾ’ ಪದ್ಧತಿಯನ್ನು ಆರಂಭಿಸಿತು. ಕೂಸು ಇನ್ನೂ ಚಿಕ್ಕದಿರುವವರು ವಾರ್ಡ್ ಕಚೇರಿಯಲ್ಲಿ ಅದನ್ನು ವಿಚಾರಿಸಬಹುದು.

ನಮ್ಮ ಸೊಸೆಗೆ ಏನು ಹೇಳಿದೆವೆಂದು ಕೇಳುವಿರಿ. ಎರಡು ವಾರದ ರೂಢಿಗೆ ಮೊದಲ ವಾರದ ರಜೆ ಅವಳದು, ಎರಡನೆಯ ವಾರದ್ದು ಗಂಡನದು. ಆಮೇಲೆ ಬೆಳಿಗ್ಗೆ ಬಿಡುವ ಕೆಲಸ ಅವನಿಗೆ. ಅವಳು ಕಚೇರಿಗೆ ಮುಂಚೆ ಹೋಗಿ ಮುಂಚೆ ಮರಳಿ ನಾಲ್ಕೂವರೆಗೆ ಕರೆತರಬೇಕು. ಅಲ್ಲಿಗೆ ಎಂಟು ಗಂಟೆ. ಮೇ ತಿಂಗಳಲ್ಲಿ ಅಜ್ಜಿ ಬಂದಾಗ ಶಿಶುವಿಹಾರ ಬಿಡಿಸಬಾರದು, ಬಿಡಿಸಿದರೆ ಆಗಸ್ಟಿನಲ್ಲಿ ಮತ್ತೆ ಮೊದಲಿನಿಂದ ಅಳು. ನಿದ್ರೆಯಿಂದ ಎದ್ದೊಡನೆ ಮೂರು ಗಂಟೆಗೆ ಅಜ್ಜಿ ಹೋಗಿ ಕರೆತಂದರೆ ಸಾಕು. ನಮ್ಮ ತಮ್ಮನ ಮಗ ಸ್ವಲ್ಪ ಗೊಣಗಿದ. ಅವನ ಮೇಲಧಿಕಾರಿಗೆ ಏನು ಹೇಳಬೇಕೆಂಬುದು ಅವನ ಚಿಂತೆ. ಎರಡನೆಯ ವಾರದ ರಜೆಯ ಅರ್ಜಿಯನ್ನು ಮೊನ್ನೆ ಕೊಟ್ಟನಂತೆ, ಉತ್ತರ ಇನ್ನೂ ಬಂದಿಲ್ಲ.

ನಿಮ್ಮ ಮನೆಗಳ ಲೆಕ್ಕ ಬೇರೆ ಬೇರೆ ಇರುತ್ತದೆ. ಕೇಳುವುದಿದ್ದರೆ ಕೇಳಿ, ನಾವು ಇಲ್ಲಿಯೇ ಕುಳಿತಿರುತ್ತೇವೆ.